ಏಳನೆಯ ಫಾರಂ

ಪ್ರೆಸ್ಸಿನಲ್ಲಿ ಅವಳನ್ನು ಎಲ್ಲರೂ ದಾರದಕ್ಕ ಎನ್ನುತ್ತಿದ್ದರು. ಅಚ್ಚಾಗಿ ಬಂದ ಹಾಳೆಗಳನ್ನು ಸೂಜಿದಾರದಿಂದ ಹೊಲಿದು ಪುಸ್ತಕ ಮಾಡುವುದು ಅವಳ ಕೆಲಸ. ಇಪ್ಪತ್ತಾರು ವರ್ಷ ಅದೇ ಉದ್ದನೆಯ ಮೇಜಿನ ಅದೇ ತುದಿಯಲ್ಲಿ, ಕಿಟಕಿಗೆ ಬೆನ್ನು ಮಾಡಿ ಕೂತು ಹೊಲಿದಳು. ನಾನು ಮಹಡಿಯ ಮೇಲೆ ಕರಡು ತಿದ್ದುವವನು. ಕರಡು ತಿದ್ದುತ್ತಾನೆಂದು ಹುಡುಗರು ನನಗೆ ‘ಕರಡಿ’ ಎಂದು ಹೆಸರಿಟ್ಟಿದ್ದರು. ಅವಳು ಅದಕ್ಕೊಂದು ಗೌರವ ಸೇರಿಸಿ ‘ಕರಡಿಯಣ್ಣ’ ಎನ್ನುತ್ತಿದ್ದಳು. ವಯಸ್ಸಿನಲ್ಲಿ ನನಗಿಂತ ಚಿಕ್ಕವಳಾದರೂ ನನಗೂ ಅವಳು ಅಕ್ಕನೇ.

ಅಕ್ಕನ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಅಂಟಿಸುವ ಸರೇಸು ತೆಳ್ಳಗಾಯಿತೆಂದು ಕೋಪ, ಮಡಿಕೆ ಕೂದಲೆಳೆಯಷ್ಟು ಓರೆಯಾಯಿತೆಂದು ಕೋಪ, ಮೇಣ ಸವರದ ದಾರ ಕೊಟ್ಟರೆಂದು ಕೋಪ. ಬೈದು ಮುಗಿಸಿದ ಮರುಗಳಿಗೆಯಲ್ಲಿ ಬೈಸಿಕೊಂಡವರ ಜೊತೆಯೇ ಕೂತು ಬುತ್ತಿ ಬಿಚ್ಚುವಳು. ಹಾಗಾಗಿ ಅವಳ ಸಿಟ್ಟಿಗೆ ಯಾರೂ ಹೆದರುತ್ತಿರಲಿಲ್ಲ. ಅದನ್ನೇ ನಾವು ತಪ್ಪು ತಿಳಿದೆವು ಎಂದು ಈಗ ಅನಿಸುತ್ತದೆ. ಸಣ್ಣದಕ್ಕೆಲ್ಲ ರೇಗುವವಳು ದೊಡ್ಡದಕ್ಕೂ ರೇಗಿ ಸುಮ್ಮನಾಗುತ್ತಾಳೆ ಎಂದುಕೊಂಡಿದ್ದೆವು.

ತಾನು ಹೊಲಿಯುವ ಪುಸ್ತಕವನ್ನು ಅವಳು ಓದುತ್ತಿರಲಿಲ್ಲ. ಹೊಲಿಯೋಕೆ ಸಂಬಳ, ಓದೋಕಲ್ಲ ಎನ್ನುವಳು. ಪುಟದ ಸಂಖ್ಯೆ ಸರಿಯಿದೆಯೇ, ಫಾರಂ ಕ್ರಮದಲ್ಲಿದೆಯೇ, ಅಷ್ಟು ನೋಡುವಳು. ಫಾರಂ ಅಂದರೆ ಎರಡೂ ಬದಿ ಅಚ್ಚಾಗಿ, ಮಡಚಿದಾಗ ಹದಿನಾರು ಪುಟವಾಗುವ ಒಂದು ದೊಡ್ಡ ಹಾಳೆ. ಹತ್ತು ಹನ್ನೆರಡು ಫಾರಂ ಸೇರಿದರೆ ಒಂದು ಪುಸ್ತಕ.

ಆ ವರ್ಷ ನಮ್ಮಲ್ಲಿ ಹೆಚ್ಚು ಅಚ್ಚಾಗುತ್ತಿದ್ದದ್ದು ಒಂದು ಆಟದ ಪುಸ್ತಕ. ಹಲಗೆ ಇಲ್ಲ, ಕಾಯಿ ಇಲ್ಲ. ನಾಲ್ಕೈದು ಜನ ಮೇಜಿನ ಸುತ್ತ ಕೂತು ಒಬ್ಬ ಯೋಧ, ಒಬ್ಬಳು ಮಾಟಗಾತಿ, ಒಬ್ಬ ಕಳ್ಳ ಎಂದು ಪಾತ್ರ ಹಂಚಿಕೊಳ್ಳುತ್ತಾರೆ. ಒಬ್ಬರು ಕಥೆ ನಡೆಸುತ್ತಾರೆ. ‘ಮುಂದೆ ಕೋಟೆ ಇದೆ, ಏನು ಮಾಡ್ತೀರಿ?’ ಎಂದು ಅವರು ಕೇಳಿದರೆ ಉಳಿದವರು ತಮ್ಮ ಪಾತ್ರದ ಬಾಯಲ್ಲಿ ಉತ್ತರಿಸುತ್ತಾರೆ. ಗೆದ್ದರೋ ಸೋತರೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಆ ಲೋಕದಲ್ಲಿ ಯಾವ ಊರಿದೆ, ಯಾವ ಜನ ಇದ್ದಾರೆ, ಯಾರು ಶತ್ರು ಎಂಬುದೆಲ್ಲ ಪುಸ್ತಕದಲ್ಲಿರುತ್ತದೆ. ಅದನ್ನು ಬರೆದವರು ನಿವೃತ್ತ ಮೇಷ್ಟ್ರು ಒಬ್ಬರು. ಮೆಲುಮಾತಿನವರು, ಬಂದಾಗಲೆಲ್ಲ ಯಂತ್ರದವರ ಹೆಗಲು ಮುಟ್ಟಿ ಮಾತಾಡಿಸುವವರು. ಅಕ್ಕನನ್ನು ಚಿಕ್ಕವಳಿದ್ದಾಗ ಅಕ್ಷರಕ್ಕೆ ಹಚ್ಚಿದವರು, ದೊಡ್ಡವಳಾದ ಮೇಲೆ ನಮ್ಮ ಮಾಲೀಕರಿಗೆ ಹೇಳಿ ಕೆಲಸ ಕೊಡಿಸಿದವರು. ಅವರು ಬಂದರೆ ಸೂಜಿ ಬದಿಗಿಟ್ಟು ಎದ್ದು ನಿಲ್ಲುತ್ತಿದ್ದಳು. ಮಾಲೀಕರು ಬಂದರೂ ಅವಳು ಎದ್ದದ್ದನ್ನು ನಾನು ನೋಡಿಲ್ಲ.

ಅಕ್ಕನಿಗೆ ಒಬ್ಬಳೇ ಮಗಳು, ಕಾಲೇಜಿನ ಮೊದಲ ವರ್ಷ. ಗಂಡ ಬಹಳ ಹಿಂದೆಯೇ ಬೇರೆ ಸಂಸಾರ ಕಟ್ಟಿಕೊಂಡು ಹೋಗಿದ್ದ. ತಾಯಿ ಮಗಳು ಎರಡು ಕೋಣೆಯ ಮನೆಯಲ್ಲಿದ್ದರು. ಹುಡುಗಿ ಭಾನುವಾರ ಮಧ್ಯಾಹ್ನ ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಗೆಳತಿಯರೊಂದಿಗೆ ಈ ಆಟ ಆಡುತ್ತಿದ್ದಳು. ಅಮ್ಮ ಹೊಲಿದ ಪುಸ್ತಕದಿಂದಲೇ ಆಡುತ್ತೇವೆ ಎಂದು ಅವಳಿಗೆ ಹೆಮ್ಮೆ.

ಒಂದು ಭಾನುವಾರ ಸಂಜೆ ಅವಳು ಕುಣಿಯುತ್ತಾ ಮನೆಗೆ ಬಂದಳು. ಅಕ್ಕ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಇವತ್ತು ಬೂದಿಮುಖರ ಕೇರಿಯನ್ನು ಪೂರ್ತಿ ಮುಗಿಸಿದೆವು ಎಂದು ಮಗಳು ವರ್ಣಿಸತೊಡಗಿದಳು. ಬೂದಿಮುಖರೆಂದರೆ ಭೂಮಿಯಲ್ಲಿ ಗುಂಡಿ ತೋಡಿ ಬೆಂಕಿಯ ಪಕ್ಕ ಬದುಕುವ ದುಷ್ಟ ಜನ. ಮುಖ ಬೂದಿ ಬಣ್ಣ, ಕಣ್ಣು ಕೆಂಪು, ಮೈಗೆ ಎಣ್ಣೆ ಬಳಿದುಕೊಂಡು ಹಿಡಿತಕ್ಕೆ ಸಿಗದೆ ಜಾರುತ್ತಾರೆ. ಮಾತು ಬರುವುದಿಲ್ಲ, ಗೊರಗೊರ ಎನ್ನುತ್ತಾರೆ. ಒಬ್ಬರನ್ನೊಬ್ಬರು ಕರೆಯಲು ಚಪ್ಪಾಳೆ ತಟ್ಟುತ್ತಾರೆ. ಎರಡು ಸಲ ತಟ್ಟಿದರೆ ದಾಳಿ ಅಂತ ಅರ್ಥ. ಹೇಳುತ್ತಾ ಹುಡುಗಿ ಕಣ್ಣು ಕೆಕ್ಕರಿಸಿ, ಗಂಟಲು ಒಡಕು ಮಾಡಿಕೊಂಡು, ಎರಡು ಸಲ ಚಪ್ಪಾಳೆ ತಟ್ಟಿ ತೋರಿಸಿದಳು.

ಇಸ್ತ್ರಿಪೆಟ್ಟಿಗೆ ಬಟ್ಟೆಯ ಮೇಲೇ ಉಳಿದು ಕರಕಲು ವಾಸನೆ ಬಂತು. ಅಕ್ಕ ಪೆಟ್ಟಿಗೆಯನ್ನು ಎತ್ತಿಟ್ಟು, ಆ ಪುಸ್ತಕ ತಗೊಂಡು ಬಾ ಎಂದಳು.

ಮರುದಿನ ನಾನು ಮಹಡಿ ಹತ್ತುವ ಮೊದಲೇ ಅವಳು ನನ್ನ ಕುರ್ಚಿಯಲ್ಲಿ ಕೂತಿದ್ದಳು. ಎದುರಿಗೆ ಪುಸ್ತಕ. ನೂರಾ ಒಂದನೆಯ ಪುಟ ತೆರೆದು ಗಟ್ಟಿಯಾಗಿ ಓದಿ ಎಂದಳು. ನಾನು ಓದಿದೆ. “ಬೂದಿಮುಖರಿಗೆ ಕಣ್ಣೀರಿಲ್ಲ. ಹೆತ್ತ ಮಗು ಬೆಂದು ಸತ್ತರೂ ತಾಯಿ ನಿಂತು ನೋಡುತ್ತಾಳೆ. ಇವರಲ್ಲಿ ಒಳ್ಳೆಯವರು ಹುಟ್ಟುವುದಿಲ್ಲ. ಆದ್ದರಿಂದ ಇವರಲ್ಲಿ ಯಾರನ್ನು ಕೊಂದರೂ ವೀರನಿಗೆ ದೋಷವಿಲ್ಲ. ದೊಡ್ಡವರಿಗೆ ಹತ್ತು ಅಂಕ, ಮರಿಗೆ ಮೂರು.”

“ನೀವು ಇದನ್ನ ಮೊದಲೇ ಓದಿದ್ರಾ, ಕರಡಿಯಣ್ಣ?” ಎಂದು ಕೇಳಿದಳು.

ಓದಿದ್ದೆ. ಮೊದಲ ಮುದ್ರಣದಲ್ಲೂ ಓದಿದ್ದೆ, ಎರಡನೆಯದರಲ್ಲೂ ಓದಿದ್ದೆ. ಆ ಅಧ್ಯಾಯದಲ್ಲಿ ನಾನು ಹನ್ನೊಂದು ತಪ್ಪು ತಿದ್ದಿದ್ದೆ. ಹನ್ನೊಂದೂ ಕಾಗುಣಿತದವು. ‘ಬೆಂದು’ ಎಂಬಲ್ಲಿ ಸೊನ್ನೆ ಬಿಟ್ಟುಹೋಗಿತ್ತು, ಅದನ್ನು ನಾನೇ ಹಾಕಿದ್ದೆ.

ಆಗ ಅವಳು ತನ್ನ ಬಾಲ್ಯದ ಕಥೆ ಹೇಳಿದಳು. ಅಷ್ಟು ವರ್ಷ ಒಂದೇ ಸೂರಿನಡಿ ದುಡಿದರೂ ನಮಗ್ಯಾರಿಗೂ ಅದು ಗೊತ್ತಿರಲಿಲ್ಲ. ಮಗಳಿಗೂ ಹೇಳಿರಲಿಲ್ಲ. ಅವಳು ಹುಟ್ಟಿದ್ದು ಸುಣ್ಣದ ಭಟ್ಟಿಯ ಸಾಲುಮನೆಗಳಲ್ಲಿ. ಗಂಡಸರು ಸುಣ್ಣದ ಕಲ್ಲು ಒಡೆದು, ಕಲ್ಲಿದ್ದಲ ಜೊತೆ ಭಟ್ಟಿಗೆ ತುಂಬಿ ಸುಡುತ್ತಿದ್ದರು. ಹೆಂಗಸರು ಸುಟ್ಟ ಕಲ್ಲನ್ನು ಗುಂಡಿಗೆ ಸುರಿದು ನೀರು ಹಾಕಿ ಅರಳಿಸುತ್ತಿದ್ದರು. ನೀರು ಬಿದ್ದೊಡನೆ ಗುಂಡಿ ಕೊತಕೊತ ಕುದಿಯುತ್ತದೆ. ಸುಣ್ಣದ ಪುಡಿ ಚರ್ಮ ಸುಡದಿರಲೆಂದು ಎಲ್ಲರೂ ಮುಖಕ್ಕೆ, ಕೈಕಾಲಿಗೆ ಎಣ್ಣೆ ಬಳಿದುಕೊಳ್ಳುತ್ತಿದ್ದರು. ಕಣ್ಣು ಸದಾ ಕೆಂಪು. ಮೂವತ್ತು ದಾಟುವಷ್ಟರಲ್ಲಿ ಗಂಟಲು ಸುಟ್ಟು ದನಿ ಒಡೆಯುತ್ತಿತ್ತು. ಕೂಗಿದರೆ ಕೆಮ್ಮು ಬರುತ್ತದೆಂದು ಚಪ್ಪಾಳೆಯಲ್ಲೇ ಕರೆಯುವುದು ರೂಢಿ. ಎರಡು ಸಲ ತಟ್ಟಿದರೆ ‘ಮನೇಲಿದ್ದೀಯಾ?’ ಅಂತ. ಅವಳಪ್ಪ ಕೆಲಸ ಮುಗಿಸಿ ಬಂದು ಬಾಗಿಲಲ್ಲಿ ನಿಂತು ಹಾಗೇ ತಟ್ಟುತ್ತಿದ್ದನಂತೆ.

ಅವಳಿಗೊಬ್ಬ ತಮ್ಮನಿದ್ದ. ಆರು ವರ್ಷದವನು ಅರಳುವ ಗುಂಡಿಗೆ ಜಾರಿ ಬಿದ್ದ. ಎತ್ತುವಷ್ಟರಲ್ಲಿ ಮುಗಿದಿತ್ತು. ಗುಂಡಿಯ ದಂಡೆಯಲ್ಲಿ ಅವಳಮ್ಮ ಮುಖದ ತುಂಬ ಸುಣ್ಣ ಮೆತ್ತಿಕೊಂಡು ನಿಂತಿದ್ದಳು. ಕಣ್ಣಲ್ಲಿ ಒಂದು ಹನಿ ಇಲ್ಲ. ಭಟ್ಟಿಯಲ್ಲಿ ಮಕ್ಕಳಿಗೆ ನಡೆಯುವುದಕ್ಕೆ ಮುಂಚೆ ಕಲಿಸುವ ಪಾಠ ಅದು: ಮುಖದಲ್ಲಿ ಸುಣ್ಣ ಇದ್ದಾಗ ಅಳಬಾರದು. ಕಣ್ಣೀರು ತಾಗಿದರೆ ಪುಡಿ ಕಣ್ಣೊಳಗೇ ಬೇಯುತ್ತದೆ. ಮೊದಲು ಮುಖ ತೊಳಿ, ಆಮೇಲೆ ಅಳು. ಅಲ್ಲಿ ಎರಡು ವರ್ಷ ಒಂದು ಕೋಣೆಯ ಶಾಲೆ ನಡೆಸಿದ ಎಳೆಯ ಮೇಷ್ಟ್ರು, ಮುಂದೆ ಈ ಪುಸ್ತಕ ಬರೆದವರೇ, ಆ ದಿನ ಗುಂಡಿಯ ಹತ್ತಿರವೇ ಇದ್ದರು.

ಹೇಳುವಾಗ ಅಕ್ಕನ ದನಿ ಏರಲಿಲ್ಲ. ಸರೇಸಿಗೆ ಕೂಗಾಡುವವಳು ಆವತ್ತು ಪಿಸುಮಾತಿನಷ್ಟು ಮೆಲ್ಲಗೆ ಮಾತಾಡಿದಳು. ಅದು ಬೇರೆ ಕೋಪ ಎಂದು ನನಗೆ ಆಗ ಗೊತ್ತಾಯಿತು.

ಕೆಳಗೆ ಮೂರನೆಯ ಮುದ್ರಣದ ಸಾವಿರ ಪ್ರತಿಗಳ ಹಾಳೆ ಮಡಚಿ ಅಟ್ಟಿಯಾಗಿತ್ತು. ಅವಳು ಮಾಲೀಕರ ಬಳಿ ಹೋಗಿ, ಆ ಪುಟಗಳಿರುವ ಏಳನೆಯ ಫಾರಂ ಹೊಲಿಯಲಾರೆ ಎಂದಳು. ಮಾಲೀಕರು ಕೆಟ್ಟವರಲ್ಲ, ಆದರೆ ಅವರಿಗೆ ಅರ್ಥವಾಗಲಿಲ್ಲ. ಬರೆದದ್ದು ನಾವಲ್ಲ, ನಮ್ಮದು ಬರೀ ಅಚ್ಚು, ಅದೂ ಅಲ್ಲದೆ ಬೂದಿಮುಖರು ಅಂತ ಲೋಕದಲ್ಲಿ ಯಾರಿದ್ದಾರೆ, ಇಲ್ಲದವರಿಗೆ ಎಲ್ಲಿಂದ ಬೇಜಾರು ಎಂದು ನಕ್ಕರಂತೆ. ಅಕ್ಕ ಬಂದು ತನ್ನ ಜಾಗದಲ್ಲಿ ಕೂತಳು.

ನಾಲ್ಕು ದಿನ ಹೊಲಿದಳು. ಐದನೆಯ ದಿನ ಮಾಲೀಕರು ಅಂಚು ಕತ್ತರಿಸಿದ್ದು ಸರಿಯಿದೆಯೇ ಎಂದು ಒಂದು ಪ್ರತಿ ಬಿಡಿಸಿ ನೋಡಿದರು. ತೊಂಬತ್ತಾರನೆಯ ಪುಟ ಆದ ಮೇಲೆ ನೂರಾ ಹದಿಮೂರು. ಇನ್ನೊಂದು ಬಿಡಿಸಿದರು, ಅದೂ ಹಾಗೆಯೇ. ಮುನ್ನೂರಹತ್ತು ಪುಸ್ತಕಗಳನ್ನು ಅವಳು ಏಳನೆಯ ಫಾರಂ ಬಿಟ್ಟು ಹೊಲಿದಿದ್ದಳು. ಬಿಟ್ಟ ಹಾಳೆಗಳು ಮೇಜಿನ ಕೆಳಗೆ ಇಪ್ಪತ್ತೈದರ ಕಟ್ಟುಗಳಾಗಿ, ದಾರ ಬಿಗಿದು ಕೂತಿದ್ದವು. ಒಂದನ್ನೂ ಹರಿದಿರಲಿಲ್ಲ, ಒಂದರ ಮಡಿಕೆಯೂ ಕೆಟ್ಟಿರಲಿಲ್ಲ.

ಮಾಲೀಕರು ಮೇಷ್ಟ್ರಿಗೆ ಫೋನ್ ಮಾಡಿದರು. ಅರ್ಧ ಗಂಟೆಯಲ್ಲಿ ಅವರು ಬಂದರು. ಈ ಸಲ ಅಕ್ಕ ಎದ್ದು ನಿಲ್ಲಲಿಲ್ಲ. ಯಂತ್ರಗಳನ್ನು ನಿಲ್ಲಿಸಿದ್ದರಿಂದ ಇಡೀ ಕೋಣೆಗೆ ಮಾತು ಕೇಳಿಸುತ್ತಿತ್ತು. ನಾನು ಮೆಟ್ಟಿಲ ಮೇಲೆ ನಿಂತಿದ್ದೆ.

ಮೇಷ್ಟ್ರು ಸ್ಟೂಲು ಎಳೆದುಕೊಂಡು ಅವಳೆದುರು ಕೂತು, “ಇದನ್ನ ಯಾಕಮ್ಮ ನಿನ್ನ ಮೇಲೆ ಹಾಕ್ಕೊಳ್ತೀಯ? ಅದು ಬರೀ ಕಲ್ಪನೆ” ಎಂದರು.

“ಕಲ್ಪನೆ ಅಂದ್ರೆ ಕಲ್ಪಿಸಬೇಕು, ಮೇಷ್ಟ್ರೇ. ಇದು ನೀವು ನೋಡಿದ್ದು.”

ನೋಡಿದ್ದು ಎಲ್ಲೋ ಒಂದು ಚೂರು ಬಂದಿರಬಹುದು, ಬರೆಯುವವನಿಗೆ ಅದು ಸಹಜ ಎಂದರು ಮೇಷ್ಟ್ರು. ಆಟಕ್ಕೆ ಶತ್ರು ಬೇಕೇ ಬೇಕು, ನೋಡಿದ ಕೂಡಲೇ ಭಯ ಹುಟ್ಟಬೇಕು. ಮಕ್ಕಳು ಎರಡು ಗಂಟೆ ಕತ್ತಿ ಬೀಸಿ ಖುಷಿಯಾಗಿರಲೆಂದು ಬರುತ್ತಾರೆ, ಎದುರಿಗೆ ನಿಂತವನಿಗೆಲ್ಲ ಅಪ್ಪ ಅಮ್ಮ ಇದ್ದಾರೆ ಎಂದು ಬರೆದರೆ ಯಾರು ಕತ್ತಿ ಎತ್ತುತ್ತಾರೆ ಎಂದು ಕೇಳಿದರು.

“ಎತ್ತಲಿ. ಯಾರ ಮೇಲೆ ಎತ್ತಿದೀನಿ ಅಂತ ಗೊತ್ತಿದ್ದು ಎತ್ತಲಿ. ನಮ್ಮಲ್ಲಿ ಕೆಟ್ಟವರೇ ಇರಲಿಲ್ಲ ಅಂತ ನಾನು ಹೇಳ್ತಿಲ್ಲ. ಭಟ್ಟಿ ಮೇಸ್ತ್ರಿ ನಮ್ಮವನೇ, ನನಗೆ ಸಂಬಂಧದಲ್ಲಿ ದೊಡ್ಡಪ್ಪ. ಅವನಂಥ ಪಾಪಿ ಇನ್ನೊಬ್ಬನಿರಲಿಲ್ಲ. ನೀರಿನ ತೊಟ್ಟಿಗೆ ಬೀಗ ಹಾಕಿ ಕೀಲಿ ಸೊಂಟಕ್ಕೆ ಸಿಗಿಸಿಕೊಳ್ತಿದ್ದ. ಅವನನ್ನ ಬರೀರಿ. ಹೆಸರು ಹಿಡಿದು ಬರೀರಿ, ನಾನೇ ಕೂತು ಹೊಲೀತೀನಿ. ಅವನನ್ನ ಬಿಟ್ಟು ಆರು ವರ್ಷದವರಿಗೆ ಮೂರು ಅಂಕ ಇಟ್ಟಿದೀರಲ್ಲ.”

ಮೇಷ್ಟ್ರು ಏನೋ ಹೇಳಲು ಹೋದರು. ಅವಳು ಬಿಡಲಿಲ್ಲ. ಪುಸ್ತಕದಲ್ಲಿ ವೀರರ ಊರು ಶ್ವೇತಪುರ, ಅದರ ಗೋಡೆಯೆಲ್ಲ ಹಾಲಿನಂತೆ ಬೆಳ್ಳಗೆ, ಅಲ್ಲಿನವರೆಲ್ಲ ಧರ್ಮಾತ್ಮರು.

“ಆ ಗೋಡೆಗೆ ಬಳಿದ ಸುಣ್ಣ ಯಾರು ಸುಟ್ಟಿದ್ದು, ಮೇಷ್ಟ್ರೇ?” ಎಂದಳು. “ಭಟ್ಟಿಯ ಯಜಮಾನ ಗುಡ್ಡದ ಮೇಲೆ ಬಿಳಿ ಮನೆ ಕಟ್ಟಿದ್ದ. ನೀವು ವಾರಕ್ಕೊಂದು ದಿನ ಅಲ್ಲಿಗೆ ಊಟಕ್ಕೆ ಹೋಗ್ತಿದ್ರಿ. ಅವನು ನಿಮ್ಮ ಪುಸ್ತಕದಲ್ಲಿ ಯಾಕೆ ರಾಕ್ಷಸ ಆಗಲಿಲ್ಲ?”

ಮೇಷ್ಟ್ರ ಮುಖ ಸಣ್ಣಗಾಗಿತ್ತು. ಅವರು ಹೇಳಿದ ಮಾತು ನನಗೆ ಇವತ್ತಿಗೂ ಅರಗಿಲ್ಲ. ಆವತ್ತು ನಿಮ್ಮಮ್ಮ ಅಳಲಿಲ್ಲ, ಕಲ್ಲಿನ ಹಾಗೆ ನಿಂತಿದ್ದಳು, ಅದು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು, ಅಷ್ಟು ಭಯ ನಾನು ಯಾವತ್ತೂ ಪಟ್ಟಿರಲಿಲ್ಲ ಎಂದರು. ಸುಳ್ಳು ಹೇಳುತ್ತಿರಲಿಲ್ಲ. ನಲವತ್ತು ವರ್ಷ ಅದನ್ನು ಹೊತ್ತುಕೊಂಡು ತಿರುಗಿದ್ದರು, ಆದರೆ ಯಾಕೆ ಅಳಲಿಲ್ಲ ಎಂದು ಒಮ್ಮೆಯೂ ಯಾರನ್ನೂ ಕೇಳಿರಲಿಲ್ಲ.

ಅಕ್ಕ ಸೂಜಿಯನ್ನು ದಾರದ ಉಂಡೆಗೆ ಚುಚ್ಚಿಟ್ಟಳು.

“ಅಮ್ಮ ಮನೆ ಹಿಂದೆ ಹೋಗಿ ಮುಖ ತೊಳೆದಳು. ತೊಟ್ಟಿಗೆ ಬೀಗ ಇತ್ತು, ಅಕ್ಕಪಕ್ಕದವರು ಮನೇಲಿದ್ದ ಕುಡಿಯೋ ನೀರು ತಂದು ಸುರಿದರು. ಸುಣ್ಣ ಪೂರ್ತಿ ಹೋದ ಮೇಲೆ ಅತ್ತಳು. ಮೂರು ದಿನ ಅತ್ತಳು. ನೀವು ಅಷ್ಟೊತ್ತಿಗೆ ಹೋಗಿಬಿಟ್ಟಿದ್ರಿ.”

ಬದಲಾಯಿಸುತ್ತೇನೆ, ಮುಂದಿನ ಮುದ್ರಣದಲ್ಲಿ ಖಂಡಿತ ಬದಲಾಯಿಸುತ್ತೇನೆ ಎಂದು ಎರಡು ಸಲ ಹೇಳಿ ಮೇಷ್ಟ್ರು ಎದ್ದರು. ಕೈಯಲ್ಲಿರುವ ಈ ಮುದ್ರಣದ ಬಗ್ಗೆ ಅವರೂ ಏನೂ ಹೇಳಲಿಲ್ಲ, ಮಾಲೀಕರೂ ಕೇಳಲಿಲ್ಲ. ಮಧ್ಯಾಹ್ನದ ಮೇಲೆ ಮಾಲೀಕರು ಅಕ್ಕನಿಗೆ ನಾಳೆಯಿಂದ ಬರಬೇಡ ಎಂದರು. ಮುನ್ನೂರಹತ್ತು ಪುಸ್ತಕಗಳ ಹೊಲಿಗೆ ಬಿಚ್ಚಿಸಿ, ಬೇರೆಯವರ ಕೈಲಿ ಏಳನೆಯ ಫಾರಂ ಸೇರಿಸಿ ಹೊಲಿಸಿದರು. ಅಕ್ಕ ತನ್ನ ಸೂಜಿಡಬ್ಬಿ, ಮಡಿಕೆ ತೀಡುವ ಮೂಳೆಪಟ್ಟಿ, ನೀರಿನ ಬಾಟಲಿ ತೆಗೆದುಕೊಂಡು, ಕರಡು ಹಿಡಿದು ಮೆಟ್ಟಿಲ ಬಳಿ ನಿಂತಿದ್ದ ನನ್ನ ಮುಂದೆಯೇ ಹಾದುಹೋದಳು. ನಾನು ಕರಡಿನ ಮೇಲೆ ತಲೆ ಬಗ್ಗಿಸಿದ್ದೆ. ಆ ಹಾಳೆಯಲ್ಲಿ ತಿದ್ದುವುದಕ್ಕೆ ಏನೂ ಇರಲಿಲ್ಲ. ಇದನ್ನು ಬರೆಯದೆ ಅವಳ ಕಥೆ ಬರೆದರೆ ನಾನೂ ಮೇಷ್ಟ್ರ ಸಾಲಿಗೇ ಸೇರುತ್ತೇನೆ.

ಮನೆಯಲ್ಲಿ ಮಗಳಿಗೂ ಅವಳಿಗೂ ವಾರಗಟ್ಟಲೆ ಮಾತಿರಲಿಲ್ಲ. ಹುಡುಗಿಗೆ ನಾಚಿಕೆ, ಆ ನಾಚಿಕೆ ಸಿಟ್ಟಾಗಿ ತಿರುಗಿತ್ತು. ಹೇಳದೆ ನನಗೆ ಹೇಗೆ ಗೊತ್ತಾಗಬೇಕಿತ್ತು, ಅಜ್ಜಿಯ ಬಗ್ಗೆ ಒಂದು ದಿನವಾದರೂ ಬಾಯಿ ಬಿಟ್ಟಿದ್ದೀಯಾ ಎಂದು ತಾಯಿಯನ್ನು ತರಾಟೆಗೆ ತೆಗೆದುಕೊಂಡಳಂತೆ. ಅಕ್ಕ ಆಮೇಲೆ ನನ್ನೆದುರು, ಆ ಒಂದು ಬೈಗುಳ ಮಾತ್ರ ತನಗೆ ನ್ಯಾಯವಾಗಿ ಸಿಕ್ಕಿದ್ದು ಎಂದಳು. ಮಗಳು ಸಾಲುಮನೆಯ ಹುಡುಗಿ ಎನ್ನಿಸಿಕೊಳ್ಳಬಾರದೆಂದು ಮುಚ್ಚಿಟ್ಟಿದ್ದಳು. ಮುಚ್ಚಿಟ್ಟ ಜಾಗದಲ್ಲಿ ಬೇರೆಯವರು ಬಂದು ಬೂದಿಮುಖರನ್ನು ಕೂರಿಸಿದ್ದರು.

ಕೆಲ ತಿಂಗಳಲ್ಲಿ ಅವಳಿಗೆ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಹರಿದ ಪುಸ್ತಕ ದುರಸ್ತಿ ಮಾಡುವ ಕೆಲಸ ಸಿಕ್ಕಿತು. ನಾನು ಒಂದು ಸಂಜೆ ಧೈರ್ಯ ಮಾಡಿ ಅಲ್ಲಿಗೆ ಹೋದೆ. ಬಂದಿರಾ ಎನ್ನದೆ, ಹೋಗಿ ಎನ್ನದೆ, ಒಂದು ಹರಕು ನಿಘಂಟಿನ ಬೆನ್ನು ಹಿಡಿದುಕೊಳ್ಳಲು ಕೊಟ್ಟಳು. ಸರೇಸು ಒಣಗುವವರೆಗೆ ಹಿಡಿದು ನಿಂತೆ. ಆಮೇಲೆ ಆಗಾಗ ಹೋಗತೊಡಗಿದೆ.

ಮರುವರ್ಷ ಹೊಸ ಮುದ್ರಣ ಬಂತು. ಮೇಷ್ಟ್ರು ತಾವೇ ಒಂದು ಪ್ರತಿ ಹಿಡಿದುಕೊಂಡು ಗ್ರಂಥಾಲಯಕ್ಕೆ ಬಂದರು. ನಾನೂ ಅಲ್ಲಿದ್ದೆ. ಅವರ ಮುಖದಲ್ಲಿ, ಮಗುವಿಗೆ ಆಟಿಕೆ ತಂದ ಅಜ್ಜನ ಸಂಭ್ರಮ. ಏಳನೆಯ ಫಾರಂ ಪೂರ್ತಿ ಹೊಸದು. ಬೂದಿಮುಖರೆಂಬ ಹೆಸರೇ ಇಲ್ಲ, ಈಗ ಅವರು ‘ಭೂಮಿಯ ಮಕ್ಕಳು’. ಕೋಪ ಎಂದರೇನೆಂದು ಅರಿಯದವರು. ಇದ್ದದ್ದರಲ್ಲಿ ತೃಪ್ತರು. ಕೊಂದವರನ್ನೂ ಕ್ಷಮಿಸುವವರು. ಸಂಜೆಯಾದರೆ ಬೆಂಕಿಯ ಸುತ್ತ ಕೂತು ಇಂಪಾಗಿ ಹಾಡುವವರು. ಶ್ವೇತಪುರದ ವೀರರು ಬಂದು ಅವರನ್ನು ಒಂದು ಭೂತದಿಂದ ಪಾರು ಮಾಡುತ್ತಾರೆ, ಅವರು ಕೈಮುಗಿಯುತ್ತಾರೆ.

ಅಕ್ಕ ನಿಂತೇ ಹದಿನಾರೂ ಪುಟ ಓದಿದಳು. ಓದುತ್ತಾ ಓದುತ್ತಾ ಅವಳ ಕುತ್ತಿಗೆ ಕೆಂಪಾಯಿತು.

“ಹಾಡೋಕೆ ನಮ್ಮಲ್ಲಿ ಯಾರಿಗೆ ಗಂಟಲಿತ್ತು, ಮೇಷ್ಟ್ರೇ?”

ಮೇಷ್ಟ್ರು ಬೆಪ್ಪಾದರು. ಅವರಿಗೂ ರೇಗಿತು, ಅವರು ರೇಗಿದ್ದನ್ನು ಅದೇ ಮೊದಲು ನೋಡಿದ್ದು. “ಕೆಟ್ಟವರು ಅಂದ್ರೂ ಬೈತೀಯ, ಒಳ್ಳೆಯವರು ಅಂದ್ರೂ ಬೈತೀಯ. ನಾನು ಇನ್ನೇನು ಬರೀಬೇಕು, ಹೇಳು.”

“ಎರಡು ಸಲಾನೂ ನೀವು ಬರೆದದ್ದು ಒಬ್ಬನನ್ನೇ. ಒಬ್ಬನನ್ನ ಬರೆದು ಊರಿಗೆಲ್ಲ ಅದೇ ಅಚ್ಚು ಒತ್ತಿದೀರಿ. ಶ್ವೇತಪುರದಲ್ಲಿ ಒಬ್ಬ ಜಿಪುಣ, ಒಬ್ಬ ಕುಡುಕ, ಒಬ್ಬ ಶೂರ, ಒಬ್ಬ ಹೇಡಿ ಎಲ್ಲಾ ಇದಾರೆ. ನಾವು ಮಾತ್ರ ಒಂದೋ ಎಲ್ಲರೂ ರಾಕ್ಷಸರು, ಇಲ್ಲಾ ಎಲ್ಲರೂ ಸಾಧುಗಳು. ಮನುಷ್ಯರು ಯಾವಾಗ ಆಗೋದು?”

ಹಾಗಾದರೆ ನೀನೇ ಬರೆದುಕೊಡು ಎಂದರು ಮೇಷ್ಟ್ರು, ಸಿಟ್ಟಿನಲ್ಲಿ. ಒಂದು ಫಾರಂ ಬರೆಯುತ್ತೇನೆ ಎಂದಳು ಅಕ್ಕ, ಅದೇ ಸಿಟ್ಟಿನಲ್ಲಿ.

ಬರೆಯುವುದು ಅವಳಿಗೆ ಸಲೀಸಾಗಿರಲಿಲ್ಲ. ಕತ್ತರಿಸಿ ಉಳಿದ ಕಾಗದದ ಪಟ್ಟಿಗಳ ಮೇಲೆ ಪೆನ್ಸಿಲಿನಲ್ಲಿ ಗೀಚುವಳು, ಬಿಡುವಿದ್ದಾಗ ಮಗಳಿಗೆ ಹೇಳಿ ಬರೆಸುವಳು. ಈ ಆಟಕ್ಕೆ ಏನು ಬೇಕು, ಆಡುವವರು ಏನು ಕೇಳುತ್ತಾರೆ ಎಂದು ಹುಡುಗಿ ತಾಯಿಗೆ ಪಾಠ ಹೇಳಿದಳು. ಹಾಗೆ ಅವರಿಬ್ಬರ ಮಾತು ಮತ್ತೆ ಶುರುವಾಯಿತು. ಜಗಳವೂ. ಶ್ವೇತಪುರದ ಮೇಲೆ ಇವರು ದಾಳಿ ಮಾಡಬೇಕು, ಇಲ್ಲದಿದ್ದರೆ ಆಟವೇ ಇಲ್ಲ ಎಂದಳು ಮಗಳು. ಮಾಡಲಿ, ಆದರೆ ಯಾಕೆ ಮಾಡಿದರು ಎಂದು ಮೊದಲು ಬರೆಯೋಣ ಎಂದಳು ತಾಯಿ. ಅದಕ್ಕೇ ಮೂರು ಪುಟ ಹಿಡಿಯಿತು. ದಾಳಿ ಬೇಡವೆನ್ನುವ ಮುದುಕಿಗೆ ಒಂದು ಪುಟ. ದಾಳಿಯ ಸುದ್ದಿಯನ್ನು ಶ್ವೇತಪುರಕ್ಕೆ ಮುಟ್ಟಿಸಿ ಅದಕ್ಕೆ ಪ್ರತಿಯಾಗಿ ಔಷಧಿ ತರುವವನಿಗೆ ಒಂದು. ಕಂಡವರ ಮೇಲೆಲ್ಲ ಕೈ ಮಾಡುವ, ನಿಜವಾಗಿಯೂ ಕ್ರೂರಿಯಾದ ಹೆಂಗಸೊಬ್ಬಳಿಗೆ ಒಂದೂವರೆ. ಮೇಸ್ತ್ರಿಗೆ ನಾಲ್ಕು ಪುಟ. ಕೊನೆಯ ಪುಟದಲ್ಲಿ ಎರಡು ವರ್ಷ ಇದ್ದು ಪಾಠ ಹೇಳಿ, ಹೊರಟುಹೋಗಿ, ಶ್ವೇತಪುರದಲ್ಲಿ ಕೂತು ಇವರ ಬಗ್ಗೆ ಭಯಂಕರ ಕಥೆ ಹೇಳುವ ಉಪಾಧ್ಯಾಯನೊಬ್ಬ. ತಿದ್ದಲು ನನ್ನ ಕೈಗೆ ಕೊಡುವಾಗ, ಈ ಸಲ ಕಾಗುಣಿತ ಮಾತ್ರ ನೋಡಬೇಡಿ ಎಂದಳು. ಪೆಟ್ಟು ಬೀಳಬೇಕಾದ ಜಾಗಕ್ಕೇ ಬಿತ್ತು.

ಮೇಷ್ಟ್ರು ಓದಿದರು. ಎರಡು ವಾರದ ಮೇಲೆ ಕಾಗದ ಬರೆದರು. ಚೆನ್ನಾಗಿದೆ, ತಾನು ಬರೆದದ್ದಕ್ಕಿಂತ ಚೆನ್ನಾಗಿದೆ, ಮುಂದಿನ ಮುದ್ರಣದಲ್ಲಿ ಸೇರಿಸುತ್ತೇನೆ, ಆದರೆ ಉಪಾಧ್ಯಾಯನ ಪುಟ ಕಥೆಗೆ ಅಗತ್ಯವಿಲ್ಲ, ಅದನ್ನು ತೆಗೆದುಬಿಡೋಣ ಎಂದಿತ್ತು. ಅಕ್ಕ ಅದೇ ಕಾಗದದ ಹಿಂಬದಿಯಲ್ಲಿ, ಬೇಕಿದ್ದರೆ ಉಳಿದ ಹದಿನೈದು ಪುಟ ತೆಗೆಯಿರಿ ಎಂದು ಬರೆದು ಕಳಿಸಿದಳು. ಅಲ್ಲಿಗೆ ಅದು ನಿಂತಿತು. ಪುಸ್ತಕ ಇವತ್ತಿಗೂ ಇಂಪಾಗಿ ಹಾಡುವ ಭೂಮಿಯ ಮಕ್ಕಳೊಂದಿಗೇ ಅಚ್ಚಾಗುತ್ತಿದೆ. ಆಡುವ ಹುಡುಗರು ಮಾತ್ರ ಹಳೆಯ ಮುದ್ರಣವನ್ನೇ ಹುಡುಕಿಕೊಂಡು ಬರುತ್ತಾರೆ, ಅದರಲ್ಲಿ ಹೊಡೆದಾಟ ಚೆನ್ನಾಗಿದೆಯಂತೆ. ಮೇಷ್ಟ್ರು ನೀಚರಾಗಿದ್ದರೆ ಇದನ್ನು ನುಂಗಿಕೊಳ್ಳಬಹುದಿತ್ತು. ಅವರು ಒಳ್ಳೆಯವರು. ಒಂದು ಪುಟದಲ್ಲಿ ತಮ್ಮ ಮುಖ ತಾವು ನೋಡಿಕೊಳ್ಳಲಾರದೆ, ಒಂದು ಊರಿನ ಮುಖವನ್ನೇ ಅಳಿಸಲು ಒಪ್ಪುವಷ್ಟು ಒಳ್ಳೆಯವರು.

ಅಕ್ಕ ತನ್ನ ಹದಿನಾರು ಪುಟಗಳನ್ನು ಜೆರಾಕ್ಸ್ ಮಾಡಿಸಿ ತಾನೇ ಹೊಲಿದಳು. ಈಗ ಭಾನುವಾರ ಮಧ್ಯಾಹ್ನ ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಅವಳೇ ಕಥೆ ನಡೆಸುತ್ತಾಳೆ. ಮೊದಲ ವಾರ ಇಬ್ಬರು, ಇದರಲ್ಲಿ ಮಜಾ ಇಲ್ಲ ಎಂದು ಎದ್ದುಹೋದರು. ಉಳಿದವರು ಉಳಿದರು, ಹೊಸಬರೂ ಬಂದರು. ಕಳೆದ ವಾರ ನಾನು ಹೋಗಿದ್ದಾಗ ಕಿಟಕಿ ಪಕ್ಕದ ಗಟ್ಟಿಮುಟ್ಟಾದ ಹುಡುಗಿಯೊಬ್ಬಳು, ಮೇಸ್ತ್ರಿಯನ್ನು ಕೊಲ್ಲಲು ದಾಳದಲ್ಲಿ ಎಷ್ಟು ಬೀಳಬೇಕು ಎಂದು ಕೇಳಿದಳು. ದಾಳವೇ ಬೇಡ, ಮಧ್ಯಾಹ್ನ ಮರದ ಕೆಳಗೆ ಮಲಗಿರುತ್ತಾನೆ, ಯಾರು ಬೇಕಾದರೂ ಕೊಲ್ಲಬಹುದು ಎಂದಳು ಅಕ್ಕ. ಹುಡುಗಿ ಕೊಂದಳು. ಎಲ್ಲರೂ ಮೇಜು ಕುಟ್ಟಿದರು.

ಗದ್ದಲ ಅಡಗಲಿ ಎಂದು ಅಕ್ಕ ಕಾದಳು. ಮರುದಿನ ಬೆಳಿಗ್ಗೆ ಶ್ವೇತಪುರದಿಂದ ಹೊಸ ಮೇಸ್ತ್ರಿ ಬಂದ, ಅವನನ್ನು ಅಲ್ಲಿಗೆ ಕಳಿಸಿದವರು ಯಾರು ಎಂದು ನಿಮ್ಮಲ್ಲಿ ಒಬ್ಬರಾದರೂ ಕೇಳುತ್ತೀರಾ ಎಂದು ಕೇಳಿದಳು. ಆಗ ಶುರುವಾದ ವಾಗ್ವಾದ ಕೆಳಗೆ ಸೈಕಲ್ ಅಂಗಡಿಯವನು ಬಾಗಿಲು ಎಳೆಯುವವರೆಗೂ ನಡೆಯಿತು. ಶ್ವೇತಪುರದ ಯಜಮಾನನ ಬಿಳಿ ಮನೆಗೆ ಹೋಗೋಣ ಎಂದು ಒಬ್ಬಳು, ಅಲ್ಲಿ ನಮ್ಮದೇ ಸೈನಿಕರಿದ್ದಾರೆ ಎಂದು ಇನ್ನೊಬ್ಬ, ಹಾಗಾದರೆ ನಾವು ಯಾರ ಕಡೆ ಎಂದು ಮೂರನೆಯವಳು. ಅಕ್ಕ ಯಾರಿಗೂ ಸಹಾಯ ಮಾಡಲಿಲ್ಲ. ತೋಳು ಕಟ್ಟಿ ಕೂತು, ದುರುಗುಟ್ಟಿಕೊಂಡು, ಉತ್ತರಕ್ಕಾಗಿ ಕಾಯುತ್ತಿದ್ದಳು.